ಬೊಗಳದ ನಾಯಿಯ ಬಾಯಿಗೆ ಮೈಕು

ಶಿಡ್ಲಘಟ್ಟದಲ್ಲಿ ಬೆಲೆ ಕಟ್ಟದ ದಾರ ಸಿಗುವುದು ಕಷ್ಟ. ಬೆಳಿಗ್ಗೆ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋಗಿ ನಿಂತರೆ ಗೊತ್ತಾಗುತ್ತದೆ. ಸುರಿದ ರಾಶಿಯಿಂದ ನೂಲು ಬಿಚ್ಚುವ ರೀಲರುಗಳು ಗೂಡೊಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ, ಬೆರಳಲ್ಲಿ ಒತ್ತಿ ನೋಡುತ್ತಾರೆ, ದರ ಕೂಗುವ ಬದಲು ಈಗ ಮೊಬೈಲಿನಲ್ಲಿ ಒತ್ತುತ್ತಾರೆ. ಕಿಲೋಗೆ ಹತ್ತು ರೂಪಾಯಿ ಏರುಪೇರಾದರೆ ರೈತನ ಮುಖವೇ ಬದಲಾಗುತ್ತದೆ. ನೂಲು ಬಿಚ್ಚಿದ ಮೇಲೆ ಉಳಿಯುವ ಪ್ಯೂಪಕ್ಕೂ ಗಿರಾಕಿ ಇದ್ದಾನೆ. ಅದರ ವಾಸನೆಗೊಂದು ಬೆಲೆ ಇಲ್ಲ, ಅಷ್ಟೇ. ಅದು ಊರಿಗೆಲ್ಲ ಉಚಿತ.

ಇಂಥ ಊರಿನ ಒಂದು ಗಲ್ಲಿಯಲ್ಲಿ ಸೀರೆಗೆ ಕುಚ್ಚು ಕಟ್ಟುವ ಹೆಣ್ಣುಮಗಳೊಬ್ಬರ ಮನೆ. ಆ ಮನೆಯ ಟಿ.ವಿ. ಪಕ್ಕದಲ್ಲಿ ಕೂತಿದ್ದ ಕಂದು ಬಣ್ಣದ ನಾಯಿಮರಿ ನಮ್ಮ ಈ ಸಲದ ಅತಿಥಿ. ಎತ್ತರ ಒಂದು ಗೇಣಿಗೂ ಕಮ್ಮಿ. ಮೈಯೆಲ್ಲ ಕ್ರೋಶಾ ಹೆಣಿಗೆ, ಒಳಗೆಲ್ಲ ಪಾಲಿಯೆಸ್ಟರ್ ಹತ್ತಿ. ಎಡಗಿವಿ ಬಲಗಿವಿಗಿಂತ ಒಂದು ಸಾಲು ಉದ್ದ. ಬಾಲವನ್ನು ಇನ್ನೂ ಹೊಲಿದಿರಲಿಲ್ಲ, ಸೂಜಿಯ ಸಮೇತ ಪಕ್ಕದಲ್ಲಿ ಇಟ್ಟಿದ್ದರು. ಹಾಗಾಗಿ ಈ ಸಂದರ್ಶನದ ಉದ್ದಕ್ಕೂ ಅದು ಯಾರಿಗೂ ಬಾಲ ಅಲ್ಲಾಡಿಸಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಇತ್ತೀಚಿನ ಸಂದರ್ಶನಗಳಲ್ಲಿ ಇದು ಅಪರೂಪ.

ಪ್ರಶ್ನೆ: ನಮಸ್ಕಾರ. ತಮ್ಮ ಹೆಸರು?

ನಾಯಿ: ಇನ್ನೂ ಇಟ್ಟಿಲ್ಲ ಸಾರ್. ಆರ್ಡರ್ ಕೊಟ್ಟೋರು ಇಡ್ತಾರಂತೆ. ಬೆಂಗಳೂರಿನ ಯಾವುದೋ ಅಪಾರ್ಟ್‌ಮೆಂಟು. ಅಲ್ಲಿ ನಾಯಿಗಳಿಗೆಲ್ಲ ಹೆಸರಿರುತ್ತೆ, ಮನುಷ್ಯರಿಗೆ ಫ್ಲ್ಯಾಟ್ ನಂಬರ್ ಇರುತ್ತೆ. ಸದ್ಯಕ್ಕೆ ಹೆಣೆಯೋ ನಮ್ಮಕ್ಕ ನನ್ನನ್ನ "ಲೇ ನಾಯಿ" ಅಂತಾಳೆ. ಅದರಲ್ಲೇ ಪ್ರೀತಿ ಜಾಸ್ತಿ.

ಪ್ರಶ್ನೆ: ಕನ್ನಡ ಚೆನ್ನಾಗಿ ಮಾತಾಡುತ್ತೀರಿ.

ನಾಯಿ: ಮನೇಲಿ ತೆಲುಗು, ರೀಲಿಂಗ್ ಶೆಡ್ಡಿನ ಕಡೆ ಹೋದ್ರೆ ಉರ್ದು, ಬಸ್ ಸ್ಟ್ಯಾಂಡಲ್ಲಿ ಕನ್ನಡ, ಆರ್ಡರ್ ಬರೋ ಫೋನಲ್ಲಿ ಇಂಗ್ಲಿಷು. ನಮ್ಮ ಜಿಲ್ಲೇಲಿ ಬೀದಿ ನಾಯಿಗೂ ಮೂರು ಭಾಷೇಲಿ "ಹಚಾ" ಅಂದ್ರೆ ಅರ್ಥ ಆಗುತ್ತೆ. ನನಗೆ ಬೊಗಳೋಕೆ ಬರಲ್ಲ. ಅದಕ್ಕೇ ಮಾತಾಡ್ತೀನಿ.

ಪ್ರಶ್ನೆ: ತಮ್ಮ ಹುಟ್ಟಿನ ಬಗ್ಗೆ ಹೇಳಿ.

ನಾಯಿ: ಎಲ್ಲಾ ಶುರುವಾಗೋದು ಮ್ಯಾಜಿಕ್ ರಿಂಗಿಂದ.

ಪ್ರಶ್ನೆ: ಮ್ಯಾಜಿಕ್ ಅನ್ನುವ ಮಾತನ್ನು ಈ ಜಿಲ್ಲೆಯಲ್ಲಿ ಸ್ವಲ್ಪ ಹುಷಾರಾಗಿ ಆಡಬೇಕಲ್ಲವೇ? ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು ಎಚ್. ನರಸಿಂಹಯ್ಯ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ಮಾಡಿದವರು. ಗಾಳಿಯಿಂದ ಉಂಗುರ ತೆಗೆಯುವವರಿಗೆಲ್ಲ ಆಗ ಕೈ ನಡುಗಿತ್ತು.

ನಾಯಿ: ನನ್ನ ರಿಂಗನ್ನ ಎಚ್ಚೆನ್ ಎದುರಿಗೇ ಹಾಕಿ ತೋರಿಸಬಹುದಿತ್ತು ಸಾರ್. ಅರ್ಧ ತೋಳಿನ ಅಂಗಿ ಹಾಕ್ಕೊಂಡೇ ಮಾಡಬಹುದು. ದಾರಾನ ಬೆರಳಿಗೆ ಒಂದು ಸುತ್ತು ಸುತ್ತಿ, ಆ ಸುತ್ತಿನೊಳಗೆ ಕಡ್ಡಿ ತೂರಿಸಿ ಆರು ಕುಣಿಕೆ ಹಾಕೋದು. ಆಮೇಲೆ ದಾರದ ತುದಿ ಹಿಡಿದು ಎಳೆದ್ರೆ ಮಧ್ಯದ ತೂತು ಮುಚ್ಚಿಹೋಗುತ್ತೆ. ಅದೇ ಮ್ಯಾಜಿಕ್ಕು. ಒಳಗಿನ ಹತ್ತಿ ಹೊರಗೆ ಇಣುಕಬಾರದು ಅಂತ ಮಾಡ್ಕೊಂಡಿರೋ ಉಪಾಯ.

ಪ್ರಶ್ನೆ: ಆರೇ ಯಾಕೆ? ಐದೋ ಎಂಟೋ ಆಗಬಾರದೇ?

ನಾಯಿ: ಒಳ್ಳೇ ಪ್ರಶ್ನೆ. ಮುದ್ದೇನಹಳ್ಳಿ ವಿಶ್ವೇಶ್ವರಯ್ಯನೋರು ಹುಟ್ಟಿದ ತಾಲ್ಲೂಕು ಪಕ್ಕದಲ್ಲೇ ಇರುವಾಗ ಲೆಕ್ಕ ತಪ್ಪಿಸೋಕಾಗುತ್ತಾ? ಕೇಳಿ. ನನ್ನ ತಲೆ ಶುರುವಾಗೋದು ಒಂದು ಬಿಲ್ಲೆಯಾಗಿ. ಮೊದಲ ಸುತ್ತಿಗೆ 6 ಕುಣಿಕೆ, ಎರಡನೇದಕ್ಕೆ 12, ಮೂರನೇದಕ್ಕೆ 18, ಆಮೇಲೆ 24, 30. ಸುತ್ತಿಗೆ ಆರಾರು ಜಾಸ್ತಿ. ಒಂದು ಕುಣಿಕೆ ಎಷ್ಟು ಎತ್ತರವೋ ಹೆಚ್ಚೂಕಮ್ಮಿ ಅಷ್ಟೇ ಅಗಲ. ಒಂದೊಂದು ಸುತ್ತು ಹಾಕಿದಾಗ ತ್ರಿಜ್ಯ ಒಂದು ಕುಣಿಕೆ ಬೆಳೆಯುತ್ತೆ. ಪರಿಧಿ ಅದರ ಎರಡು 'ಪೈ'ಯಷ್ಟು, ಅಂದ್ರೆ ಆರೂಕಾಲು ಕುಣಿಕೆ ಬೆಳೀಬೇಕು. ಕಾಲು ಕುಣಿಕೆ ಹಾಕೋಕೆ ಬರಲ್ಲ, ಆರಕ್ಕೇ ಒಪ್ಕೊಂಡಿದಾರೆ. ಆರು ಹಾಕ್ತಾ ಹೋದ್ರೆ ಬಿಲ್ಲೆ ಚಪ್ಪಟೆಯಾಗಿ ಬರುತ್ತೆ. ಹಾಕೋದು ನಿಲ್ಲಿಸಿ ಮೂವತ್ತು ಮೂವತ್ತೇ ಹಾಕಿದ್ರೆ ಗೋಡೆ ಎದ್ದು ಬಟ್ಟಲಾಗುತ್ತೆ. ಆಮೇಲೆ ಆರಾರು ಕಳೀತಾ ಬಂದ್ರೆ ಬಾಯಿ ಮುಚ್ಚುತ್ತೆ. ಮುಚ್ಚೋ ಮುಂಚೆ ಹತ್ತಿ ತುಂಬಬೇಕು. ತಲೆ ರೆಡಿ.

ಪ್ರಶ್ನೆ: ಆರಕ್ಕಿಂತ ಜಾಸ್ತಿ ಹಾಕಿದರೆ?

ನಾಯಿ: ಅಂಚು ಮಡಿಕೆ ಮಡಿಕೆಯಾಗಿ ಏಳುತ್ತೆ, ನೆಟ್ಟಗೆ ಮಲಗಲ್ಲ. ನಮ್ಮಕ್ಕ ಹಂಗಾದ್ರೆ "ಥೂ" ಅಂತ ಬಿಚ್ಚಿ ಹಾಕ್ತಾಳೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಡೈನಾ ಟೈಮಿನಾ ಅಂತ ಲಾತ್ವಿಯಾದ ಗಣಿತಜ್ಞೆ ಇದ್ದರು. 1997ರಲ್ಲಿ ಅವರು ಬೇಕಂತಲೇ ಹಂಗೆ ಜಾಸ್ತಿ ಜಾಸ್ತಿ ಹೆಣೆದು, ಹೈಪರ್ಬಾಲಿಕ್ ಜ್ಯಾಮಿತಿ ಅಂದ್ರೆ ಇದೇ ನೋಡ್ರಪ್ಪ ಅಂತ ಹುಡುಗರ ಕೈಗೆ ಕೊಟ್ಟರು. ಅಲ್ಲಿವರೆಗೂ ಅದನ್ನ ಕಾಗದದಲ್ಲಿ ಅಂಟಿಸಿ ತೋರಿಸ್ತಿದ್ರಂತೆ, ಹರಿದುಹೋಗ್ತಿತ್ತಂತೆ. ಅಲ್ಲಿ ಮಡಿಕೆ ಬಿದ್ರೆ ಗಣಿತ, ಇಲ್ಲಿ ಮಡಿಕೆ ಬಿದ್ರೆ ವೇಸ್ಟು. ಅವರಿಗೆ ಸಂಬಳ ಇತ್ತು ಸಾರ್, ಅದೇ ವ್ಯತ್ಯಾಸ.

ಪ್ರಶ್ನೆ: ರೇಷ್ಮೆ ಊರಿನ ನಾಯಿ ನೀವು. ಮೈಮೇಲೆ ಒಂದೆಳೆ ರೇಷ್ಮೆ ಇಲ್ಲವಲ್ಲ!

ನಾಯಿ: ಎಲ್ಲರೂ ಇದನ್ನೇ ಕೇಳ್ತಾರೆ. ಒಂದು ದ್ವಿತಳಿ ಗೂಡು ಬಿಚ್ಚಿದ್ರೆ ಸಾವಿರ ಮೀಟರ್ ಮೇಲೇ ಎಳೆ ಬರಬಹುದು, ನಿಜ. ಆದ್ರೆ ಅದು ಕೂದಲಿಗಿಂತ ಸಣ್ಣ. ಹಲವು ಎಳೆ ಸೇರಿಸಿ ನೂಲು ಮಾಡಬೇಕು, ಹುರಿ ಮಾಡಬೇಕು, ಬಣ್ಣ ಹಾಕಬೇಕು. ಕಿಲೋಗೆ ಸಾವಿರಗಟ್ಟಲೆ ಆಗುತ್ತೆ. ಅದರಲ್ಲಿ ನಾಯಿ ಮಾಡಿದ್ರೆ ಕೊಳ್ಳೋರು ಮದುವೆ ಛತ್ರ ಬುಕ್ ಮಾಡಿದ ಮೇಲೆ ಯೋಚನೆ ಮಾಡಬೇಕಾಗುತ್ತೆ. ಅದೂ ಅಲ್ದೆ ರೇಷ್ಮೆ ಜಾರುತ್ತೆ. ನನ್ನ ಜಾತಿಗೆ ಉಬ್ಬುಬ್ಬಾದ ದಾರ ಬೇಕು, ಕುಣಿಕೆ ನಡುವಿನ ಸಂದು ಮುಚ್ಚಬೇಕು. ನಂದು ಅಕ್ರಿಲಿಕ್ಕು. ಅಂಗಡೀಲಿ "ಉಲ್ಲನ್" ಅಂತಾರೆ, ಕುರಿಗೂ ಅದಕ್ಕೂ ಸಂಬಂಧ ಇಲ್ಲ. ಇನ್ನೊಂದು ಗುಟ್ಟು ಹೇಳ್ಲಾ? ಕಾಂಜೀವರಂ ಸೀರೆಗೆ ಕಟ್ಟೋ ಕುಚ್ಚಿನ "ಸಿಲ್ಕ್ ಥ್ರೆಡ್" ಇದೆಯಲ್ಲ, ಅದೂ ಬಹುಪಾಲು ರೇಷ್ಮೆ ಅಲ್ಲ. ಶಿಡ್ಲಘಟ್ಟದ ರೇಷ್ಮೆ ಊರು ಬಿಟ್ಟು ಹೋಗುತ್ತೆ, ಪ್ಲಾಸ್ಟಿಕ್ ದಾರ ಊರಿಗೆ ಬರುತ್ತೆ. ನಾವು ದಾರಿಯಲ್ಲಿ ಎದುರುಬದುರಾಗ್ತೀವಿ, ಮಾತಾಡ್ಸಲ್ಲ.

ಪ್ರಶ್ನೆ: ಒಳಗೊಳಗೆ ಹೊಟ್ಟೆಕಿಚ್ಚೇ?

ನಾಯಿ: ನನ್ನ ಹೊಟ್ಟೇಲಿ ಪಾಲಿಯೆಸ್ಟರ್ ಇದೆ, ಕಿಚ್ಚು ದೂರ ಇರ್ಲಿ. ಸುಮ್ನೆ ಹೇಳ್ತೀನಿ, ರೇಷ್ಮೆ ಹುಳುಗೆ ಸಿಗೋ ಮರ್ಯಾದೆ ನೋಡಿ. ಪೊರೆ ಕಳಚೋಕೆ ನಾಲ್ಕು ಸಲ ಜ್ವರಕ್ಕೆ ಹೋಗುತ್ತೆ, ನಾಲ್ಕು ಸಲಾನೂ ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ಕಾಯ್ತಾರೆ. ರಾತ್ರಿ ಎದ್ದು ಸೊಪ್ಪು ಹಾಕ್ತಾರೆ. ಹಣ್ಣಾದ ಹುಳಾನ ಒಂದೊಂದೇ ಆಯ್ದು ಗೂಡು ಕಟ್ಟೋಕೆ ಚಂದ್ರಿಕೆಗೆ ಬಿಡ್ತಾರೆ. ಅದು ಉಗುಳಿದ್ದನ್ನ ತೂಕ ಹಾಕಿ ಹರಾಜು ಮಾಡ್ತಾರೆ. ಹುಳು ಎಷ್ಟು ದಿನ ತಿಂತು, ಎಷ್ಟು ಸೊಪ್ಪು ತಿಂತು ಅಂತ ರೈತನ ಹತ್ರ ಪುಸ್ತಕ ಇದೆ. ನಮ್ಮಕ್ಕ ರಾತ್ರಿ ಎದ್ದು ಕೂತು ಹೆಣೆದದ್ದಕ್ಕೆ ಯಾವ ಪುಸ್ತಕ ಇದೆ?

ಪ್ರಶ್ನೆ: ಸರಿ, ಆ ಪುಸ್ತಕವನ್ನು ಇಲ್ಲೇ ತೆರೆಯೋಣ. ನಿಮ್ಮನ್ನು ಮಾಡಲು ಎಷ್ಟು ಹೊತ್ತು ಬೇಕಾಯಿತು?

ನಾಯಿ: ತಲೆ ಒಂದು, ಮೈ ಒಂದು, ಕಾಲು ನಾಲ್ಕು, ಕಿವಿ ಎರಡು, ಮೂತಿ ಒಂದು, ಬಾಲ ಒಂದು. ಹತ್ತು ತುಂಡು. ಹತ್ತೂ ಬೇರೆ ಬೇರೆ ಹೆಣೆದು ಆಮೇಲೆ ಜೋಡಿಸಬೇಕು. ಹೆಣೆಯೋದಕ್ಕಿಂತ ಜೋಡಿಸೋದೇ ಕಷ್ಟ. ಮೂತಿ ಒಂಚೂರು ಮೇಲಾದ್ರೆ ಹಂದಿ, ಕೆಳಗಾದ್ರೆ ಕರಡಿ. ಎಲ್ಲಾ ಸೇರಿ ಎಂಟು ಗಂಟೆ. ಒಂದೇ ಸಲ ಅಲ್ಲ. ಹಾಲು ಉಕ್ಕೋವರೆಗೆ ಒಂದು ಸುತ್ತು, ಕುಕ್ಕರ್ ಮೂರು ವಿಷಲ್ ಹೊಡೆಯೋವರೆಗೆ ಒಂದು ಸುತ್ತು, ಧಾರಾವಾಹಿಯಲ್ಲಿ ಅತ್ತೆ ಸೊಸೆಗೆ ವಿಷ ಹಾಕೋ ಹೊತ್ತಿಗೆ ಎರಡು ಕಾಲು. ನನ್ನ ಬಲಗಿವಿ ಹೆಣೆಯುವಾಗ ಅವಳ ಅತ್ತೆ ಕರೆದ್ರು, ಲೆಕ್ಕ ತಪ್ತು. ಅದಕ್ಕೇ ಕಿವಿ ಒಂದು ಸಾಲು ಗಿಡ್ಡ.

ಪ್ರಶ್ನೆ: ಬೆಲೆ?

ನಾಯಿ: ಮುನ್ನೂರೈವತ್ತಕ್ಕೆ ಒಪ್ಪಿಗೆ ಆಗಿದೆ. ಅವರು ಮೊದಲು ಇನ್ನೂರು ಅಂದ್ರು. "ಅಷ್ಟು ಚಿಕ್ಕ ನಾಯಿಗಾ?" ಅಂದ್ರು. ಚಿಕ್ಕದು ಮಾಡೋದೇ ಕಷ್ಟ ಅಂತ ಅವರಿಗೆ ಯಾರು ಹೇಳ್ಬೇಕು. ಬರ್ಕೊಳ್ಳಿ: ದಾರಕ್ಕೆ 60 ರೂಪಾಯಿ, ಹತ್ತಿಗೆ 25, ಕಣ್ಣು ಎರಡು 10, ಡಬ್ಬ ಟೇಪು 15. ಒಟ್ಟು 110. ಉಳಿದದ್ದು 240. ಎಂಟು ಗಂಟೆಗೆ ಭಾಗಿಸಿ.

ಪ್ರಶ್ನೆ: ಗಂಟೆಗೆ ಮೂವತ್ತು ರೂಪಾಯಿ.

ನಾಯಿ: ಹೂಂ. ಬೆಂಗಳೂರಲ್ಲಿ ಅದೇ ದುಡ್ಡಿಗೆ ಒಂದು ಗಂಟೆ ಕಾರು ನಿಲ್ಲಿಸಬಹುದು. ಸುಮ್ನೆ ನಿಂತಿರೋ ಕಾರಿಗೂ ಸುಮ್ನೆ ಕೂರದ ಹೆಂಗಸಿಗೂ ಒಂದೇ ರೇಟು.

ಪ್ರಶ್ನೆ: ಕಾರ್ಖಾನೆಯಲ್ಲಿ ಮಷೀನಿಗೆ ಹಾಕಿದರೆ ಅಗ್ಗವಾಗುವುದಿಲ್ಲವೇ?

ನಾಯಿ: (ಇಲ್ಲಿ ನಾಯಿ ಮೊದಲ ಸಲ ನಕ್ಕಿತು. ಕೆಂಪು ದಾರದ ಬಾಯಿ, ನಗು ಮೊದಲೇ ಹೊಲಿದಾಗಿತ್ತು. ಆದರೂ ಈ ನಗು ಬೇರೆ.) ಮಷೀನೇ ಇಲ್ಲ ಸಾರ್! ಸ್ವೆಟರ್ ಹೆಣೆಯೋ ಎರಡು ಕಡ್ಡಿ ಕೆಲಸಕ್ಕೆ ಮಷೀನು ಬಂದು ನಾನೂರು ವರ್ಷದ ಮೇಲಾಯ್ತು. 1589ರಲ್ಲೇ ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯೋ ಯಂತ್ರ ಮಾಡಿದ. ಅಲ್ಲಿಂದ ಶುರುವಾಗಿದ್ದು ಈಗ ಬನಿಯನ್, ಟೀ ಶರ್ಟು, ಸ್ವೆಟರು ಎಲ್ಲಾ ಮಷೀನಲ್ಲೇ. ಆದ್ರೆ ಕ್ರೋಶಾ? ಚಂದ್ರನ ಮೇಲೆ ಇಳಿದಿದ್ದೀರಿ, ಗೌರಿಬಿದನೂರಲ್ಲಿ ಕೂತು ರೇಡಿಯೊ ದೂರದರ್ಶಕದಲ್ಲಿ ಸೂರ್ಯನ ಗದ್ದಲ ಕೇಳಿಸ್ಕೊಳ್ತೀರಿ, ನನ್ನ ಒಂದು ಕಿವಿ ಹೆಣೆದುಕೊಡೋ ಕಾರ್ಖಾನೆ ಯಂತ್ರ ಇನ್ನೂ ಮಾರುಕಟ್ಟೇಲಿ ಇಲ್ಲ. ಪ್ರಯೋಗಾಲಯಗಳಲ್ಲಿ ಪ್ರಯತ್ನ ಮಾಡ್ತಾ ಇದಾರೆ. ಎರಡು ಕಡ್ಡಿ ಹೆಣಿಗೇಲಿ ಕುಣಿಕೆಗಳೆಲ್ಲ ಸಾಲಾಗಿ ಕಡ್ಡಿ ಮೇಲೆ ನಿಂತು ಕಾಯ್ತಿರುತ್ತವೆ, ಮಷೀನಿಗೆ ಸುಲಭ. ಕ್ರೋಶಾದಲ್ಲಿ ಒಂದು ಕುಣಿಕೆ ಪೂರ್ತಿ ಮುಗಿದ ಮೇಲೇನೇ ಇನ್ನೊಂದು. ಕಡ್ಡಿಯ ಕೊಕ್ಕೆ ಎಲ್ಲಿ ಬೇಕಾದ್ರೂ ತೂರಬಹುದು, ಎಲ್ಲಿ ತೂರಬೇಕು ಅಂತ ಬೆರಳು ನೋಡಿ ಹೇಳ್ಬೇಕು. ಅಂಗಡೀಲಿ ಲೇಸಿನ ಹಾಗೆ ಕಾಣೋ ಮಷೀನ್ ಬಟ್ಟೆ ಸಿಗುತ್ತೆ, ಅದು ಬೇರೆ ಜಾತಿ. ಹಾಗಾಗಿ ಎಲ್ಲಾದರೂ, ಯಾವ ಮಾಲಲ್ಲಾದರೂ, ಎಷ್ಟೇ ಅಗ್ಗಕ್ಕಾದರೂ ನಿಮಗೊಂದು ಕ್ರೋಶಾ ನಾಯಿ ಸಿಕ್ಕಿದ್ರೆ ಅದನ್ನ ಒಬ್ಬರು ಕೂತು ಹೆಣೆದಿದ್ದಾರೆ ಅಂತಲೇ ಅರ್ಥ. ಅಗ್ಗ ಆಗಿರೋದು ಅವರು.

ಪ್ರಶ್ನೆ: ಆದರೆ ಅವರು ಬಿಡುವಿನ ವೇಳೆಯಲ್ಲಿ ತಾನೇ ಮಾಡುವುದು?

ನಾಯಿ: ಬಂತು ನೋಡಿ! ಇದಕ್ಕೇ ಕಾಯ್ತಿದ್ದೆ. ಆಂಧ್ರದ ಗೋದಾವರಿ ಸೀಮೆಯ ನರಸಾಪುರ ಗೊತ್ತಾ? ಹತ್ತೊಂಬತ್ತನೇ ಶತಮಾನದಲ್ಲಿ ಮಿಷನರಿಗಳು ಬಂದು ಅಲ್ಲಿನ ಹೆಂಗಸರಿಗೆ ಕ್ರೋಶಾ ಲೇಸು ಕಲಿಸಿದರು. ಸಾವಿರಾರು ಹೆಂಗಸರು ಮನೇಲಿ ಕೂತು ಹೆಣೆದರು, ಲೇಸು ಹಡಗು ಹತ್ತಿ ಯುರೋಪು, ಅಮೆರಿಕ ಸೇರಿತು. ದುಡ್ಡು ವ್ಯಾಪಾರಿಗಳ ಮನೆ ಸೇರಿತು. ಜರ್ಮನಿಯ ಮರಿಯಾ ಮೀಸ್ ಅನ್ನೋ ಸಮಾಜಶಾಸ್ತ್ರಜ್ಞೆ ಅಲ್ಲಿ ಹೋಗಿ ನೋಡಿ 1982ರಲ್ಲಿ ಒಂದು ಪುಸ್ತಕಾನೇ ಬರೆದರು. ಆಯಮ್ಮ ಹಿಡಿದದ್ದು ನಿಮ್ಮ ಇದೇ ಮಾತನ್ನ. "ಇವರು ಗೃಹಿಣಿಯರು, ಬಿಡುವಿನಲ್ಲಿ ಮಾಡ್ತಾರೆ" ಅಂತ ಒಂದ್ಸಲ ಅಂದುಬಿಟ್ರೆ ಸಾಕು. ಅವರು ಕೂಲಿಯವರಲ್ಲ, ಕೆಲಸದ ಹೊತ್ತಿಗೆ ಮಿತಿ ಇಲ್ಲ, ಕೂಲಿಗೆ ತಳ ಇಲ್ಲ. ಅಡುಗೆ, ಮಕ್ಕಳು, ದನ ಎಲ್ಲಾ ಮುಗಿಸಿ ಹೆಣೆದದ್ದು ದಿನಕ್ಕೆ ಎಷ್ಟೋ ಗಂಟೆ. ಅದಕ್ಕೆ ಹೆಸರು ಬಿಡುವು. ಲೇಸು ಮಾರಲು ಹೊರಟ ಗಂಡಸು ವ್ಯಾಪಾರಿ, ಎಕ್ಸ್‌ಪೋರ್ಟರ್. ನರಸಾಪುರದ ಲೇಸಿಗೆ 2024ರಲ್ಲಿ ಜಿ.ಐ. ಅನ್ನೋ ಭೌಗೋಳಿಕ ಸೂಚಕದ ಪಟ್ಟ ಸಿಕ್ತು. ಊರ ಹೆಸರಿಗೆ ಕಾವಲು ಬಂತು ಸಾರ್. ಗಂಟೆಗೆ ಯಾರು ಕಾವಲು?

ಪ್ರಶ್ನೆ: ಅದು ನರಸಾಪುರ. ಇಲ್ಲಿ ಹೆಣ್ಣುಮಕ್ಕಳು ಗಾರ್ಮೆಂಟ್ಸ್‌ಗೆ ಹೋಗಬಹುದಲ್ಲ?

ನಾಯಿ: ಅಕ್ಕನ ತಂಗಿ ಗೌರಿಬಿದನೂರಲ್ಲಿ ಗಾರ್ಮೆಂಟ್ಸ್‌ಗೇ ಹೋಗ್ತಾಳೆ. ಬೆಳಿಗ್ಗೆ ವ್ಯಾನು, ಗಂಟೆಗೆ ಇಷ್ಟು ಪೀಸು ಅಂತ ಟಾರ್ಗೆಟ್ಟು, ಮೇಲ್ವಿಚಾರಕನ ಬೈಗುಳ. ಕಷ್ಟ ಇಲ್ಲ ಅಂತ ಹೇಳ್ತಿಲ್ಲ. ಆದ್ರೆ ಅವಳಿಗೆ ಪಿ.ಎಫ್. ಅಂತ ಒಂದು ಇದೆ. 2016ರ ಏಪ್ರಿಲಲ್ಲಿ ಕೇಂದ್ರ ಸರ್ಕಾರ ಆ ಪಿ.ಎಫ್. ದುಡ್ಡು ತೆಗೆಯೋ ನಿಯಮ ಬದಲಾಯಿಸೋಕೆ ಹೋದಾಗ ಬೆಂಗಳೂರಲ್ಲಿ ಗಾರ್ಮೆಂಟ್ಸ್ ಹೆಂಗಸರು ಸಾವಿರಗಟ್ಟಲೆ ರಸ್ತೆಗಿಳಿದು ಹೆದ್ದಾರಿ ನಿಲ್ಲಿಸಿದರು. ಎರಡೇ ದಿನದಲ್ಲಿ ಸರ್ಕಾರ ಹಿಂದೆ ಸರೀತು. ನಮ್ಮಕ್ಕ ರಸ್ತೆಗಿಳಿದ್ರೆ ಏನು ನಿಲ್ಲುತ್ತೆ? ಕುಕ್ಕರು.

ಪ್ರಶ್ನೆ: ಅಕ್ಕನಿಗೆ ಈ ಕೆಲಸ ಕಲಿಸಿದವರು ಯಾರು?

ನಾಯಿ: ಕುಚ್ಚು ಅವಳ ಚಿಕ್ಕಮ್ಮ ಕಲಿಸಿದ್ದು. ಮೊದಲು ಸೆರಗಿನ ದಾರಾನೇ ಗಂಟು ಹಾಕಿ ಸಾದಾ ಕುಚ್ಚು. ಆಮೇಲೆ ಬೇಬಿ ಕುಚ್ಚು ಬಂತು, ಮಣಿ ಬಂತು, ಕ್ರೋಶಾ ಕುಚ್ಚು ಬಂತು. ಕಡ್ಡಿ ಅವಾಗಿಂದ ಕೈಲಿದೆ. ನಾಯಿ ಮಾಡೋದನ್ನ ಮೊಬೈಲಲ್ಲಿ ನೋಡಿ ಕಲ್ತಳು. ವಿಡಿಯೋದಲ್ಲಿ ಜಪಾನಿನ ಹೆಂಗಸು, ಮಾತು ಒಂದಕ್ಷರ ಅರ್ಥ ಆಗಲ್ಲ, ಬೆರಳು ಪೂರ್ತಿ ಅರ್ಥ ಆಗುತ್ತೆ. ಸರ್ಕಾರದ ಗೃಹಲಕ್ಷ್ಮಿ ದುಡ್ಡು ಎರಡು ಸಾವಿರ ಬಂದ ತಿಂಗಳು ಚಿಂತಾಮಣಿಗೆ ಹೋಗಿ ದಾರ ತಂದಳು. ಹೆಂಗಸರಿಗಿರೋ ಫ್ರೀ ಬಸ್ಸಲ್ಲಿ.

ಪ್ರಶ್ನೆ: ನಿಮಗೂ ಬಸ್ಸು ಫ್ರೀಯೇ?

ನಾಯಿ: ನಿಜವಾದ ನಾಯಿಗೆ ಅರ್ಧ ಟಿಕೆಟ್ ಸಾರ್. ಹಕ್ಕಿಗೂ ಅಷ್ಟೇ. 2024ರ ಮಾರ್ಚಲ್ಲಿ ಬೆಂಗಳೂರು-ಮೈಸೂರು ಬಸ್ಸಲ್ಲಿ ನಾಲ್ಕು ಹಕ್ಕಿಗೆ 444 ರೂಪಾಯಿ ಟಿಕೆಟ್ ಹರಿದಿದ್ರು, ಜೊತೆಗಿದ್ದ ಹೆಂಗಸರಿಗೆ ಸೊನ್ನೆ. ನಾನು ಲಗೇಜು. ಮಡಿಲಲ್ಲಿ ಕೂತ್ರೆ ಅದೂ ಅಲ್ಲ.

ಪ್ರಶ್ನೆ: ಚಿಂತಾಮಣಿ ಹೇಗಿತ್ತು?

ನಾಯಿ: ನಾನಾಗ ಉಂಡೆ, ಚೀಲದೊಳಗಿದ್ದೆ. ಕೇಳಿಸ್ಕೊಂಡಿದ್ದು ಬರೀ ಟೊಮೆಟೊ ರೇಟು. ನಮ್ಮ ಸೀಮೇಲಿ ಟೊಮೆಟೊ ಮಾತೂ ಒಂಥರಾ ಪಂಚಾಂಗ. 2023ರ ಜುಲೈಲಿ 15 ಕಿಲೋ ಬಾಕ್ಸು ಎರಡು ಸಾವಿರ ದಾಟಿತ್ತು, ತೋಟಕ್ಕೆ ಕಾವಲು ಹಾಕಿದ್ರು. ಬಿದ್ದಾಗ ರಸ್ತೆಗೆ ಸುರೀತಾರೆ. ಆದ್ರೆ ಸುರಿಯೋಕಾದ್ರೂ ರಸ್ತೆ ಇದೆ, ಫೋಟೊ ತೆಗೆಯೋಕೆ ಪೇಪರಿನೋರು ಬರ್ತಾರೆ, ಬೆಂಬಲ ಬೆಲೆ ಕೊಡಿ ಅಂತ ಕೂಗೋಕೆ ಸಂಘ ಇದೆ. ಕುಚ್ಚಿಗೆ ರೇಟು ಬಿದ್ರೆ ಯಾರು ಸುರೀತಾರೆ, ಎಲ್ಲಿ ಸುರೀತಾರೆ?

ಪ್ರಶ್ನೆ: ಬೀದಿ ನಾಯಿಗಳ ಬಗ್ಗೆ ನಿಮ್ಮ ನಿಲುವು ಓದುಗರಿಗೆ ಬೇಕು.

ನಾಯಿ: ವಿವಾದಕ್ಕೆ ಎಳೀಬೇಡಿ. 2025ರ ಆಗಸ್ಟಲ್ಲಿ ದೆಹಲಿಯ ಬೀದಿ ನಾಯಿಗಳನ್ನೆಲ್ಲ ಹಿಡಿದು ಹಾಕಿ ಅಂತ ಸುಪ್ರೀಂ ಕೋರ್ಟು ಹೇಳ್ತು, ಹನ್ನೊಂದು ದಿನ ಬಿಟ್ಟು ಸಂತಾನಹರಣ ಆದವನ್ನ, ಲಸಿಕೆ ಹಾಕಿದವನ್ನ ಬಿಟ್ಟುಬಿಡಿ ಅಂತ ತಿದ್ದಿತು. ಅದಕ್ಕೂ ಮುಂಚೆ ಬೆಂಗಳೂರಿನ ಆಗಿನ ಪಾಲಿಕೆ ಬಿಬಿಎಂಪಿ ಸುಮಾರು ಐದು ಸಾವಿರ ನಾಯಿಗೆ ಕೋಳಿ ಅನ್ನ ಹಾಕೋಕೆ 2.88 ಕೋಟಿ ರೂಪಾಯಿಯ ಟೆಂಡರ್ ಕರೀತು. ನನ್ನ ನೋಡಿ: ಕಚ್ಚಲ್ಲ, ಲಸಿಕೆ ಬೇಡ, ಸಂತಾನದ ಮಾತೇ ಇಲ್ಲ, ಕೋಳಿ ಮುಟ್ಟಲ್ಲ. ಇಷ್ಟೊಂದು ಸಭ್ಯ ನಾಯಿ ಮಾಡಿದವಳಿಗೆ ಯಾರಾದ್ರೂ ಒಂದು ಟೆಂಡರ್ ಕರೆದ್ರಾ?

ಪ್ರಶ್ನೆ: ಸರ್ಕಾರ ಸುಮ್ಮನೆ ಕೂತಿಲ್ಲ. ಮಹಿಳಾ ಸಂಘಗಳಿಗೆ ಮೇಳ, ಮಳಿಗೆ...

ನಾಯಿ: ಹೋಗಿದ್ದಾಳೆ. ನನ್ನ ಅಣ್ಣಂದಿರು ಒಂದಿಷ್ಟು ಜನ ಒಂದು ಮೇಳದ ಟೇಬಲ್ ಮೇಲೆ ಸಾಲಾಗಿ ಕೂತಿದ್ರು. ಗಣ್ಯರು ಬಂದ್ರು, ಒಬ್ಬನನ್ನ ಎತ್ಕೊಂಡು ಕೆನ್ನೆಗೆ ಒತ್ಕೊಂಡು ಫೋಟೊ ತೆಗೆಸ್ಕೊಂಡ್ರು. "ತುಂಬಾ ಕ್ಯೂಟು, ಮಹಿಳಾ ಸಬಲೀಕರಣ" ಅಂದ್ರು. ಹಂಗೇ ಜೇಬಿಗಿಟ್ಕೊಂಡು ಹೋದ್ರು. ಹಿಂದೆ ಬಂದ ಸಹಾಯಕರು ಇನ್ನೊಬ್ಬನನ್ನ ಎತ್ಕೊಂಡ್ರು, ಅವರ ಮಗಳಿಗಂತೆ. ಹದಿನಾರು ಗಂಟೆ ಕೆಲಸ ಎರಡು ನಿಮಿಷದಲ್ಲಿ ಸಬಲ ಆಗಿ ಹೋಯ್ತು. ಮಾರನೇ ದಿನ ಪೇಪರಲ್ಲಿ ಫೋಟೊ ಬಂತು. ನಾಯಿ ಮುಖ ಚೆನ್ನಾಗಿ ಬಂದಿತ್ತು, ಅಕ್ಕಂದು ಕಟ್ ಆಗಿತ್ತು.

ಪ್ರಶ್ನೆ: ನೀವು ಸುರಕ್ಷಿತ ಆಟಿಕೆಯೇ? ಐಎಸ್‌ಐ ಗುರುತು ಕಾಣಿಸುತ್ತಿಲ್ಲ.

ನಾಯಿ: 2021ರ ಜನವರಿಯಿಂದ ಆಟಿಕೆಗೆ ಆ ಗುರುತು ಕಡ್ಡಾಯ, ಸರಿ. ಚೀನಾದ ಕಳಪೆ ಆಟಿಕೆ ತಡೆಯೋಕೆ ಅಂದ್ರು. ಕೇಂದ್ರದ ಕರಕುಶಲ ಇಲಾಖೇಲಿ ಹೆಸರು ನೋಂದಾಯಿಸಿದ ಕುಶಲಕರ್ಮಿಗಳಿಗೆ ವಿನಾಯಿತಿ ಇದೆ, ಜಿ.ಐ. ಪಟ್ಟ ಇರೋ ಆಟಿಕೆಯೋರಿಗೂ ಇದೆ. ಚನ್ನಪಟ್ಟಣದ ಬಣ್ಣದ ಕುದುರೆ ತಲೆ ಎತ್ಕೊಂಡು ನಡೆಯುತ್ತೆ. ನಮ್ಮಕ್ಕನಿಗೆ ತಾನು ಕುಶಲಕರ್ಮಿ ಅಂತಲೇ ಗೊತ್ತಿಲ್ಲ. ಗಣತಿಯೋರು ಬಂದಾಗ ಅವಳ ಮಾವ ಬಾಗಿಲಲ್ಲಿ ನಿಂತು "ಮನೆಕೆಲಸ" ಅಂತ ಬರೆಸಿದ್ರು. ಅವಳು ಒಳಗೆ ಹದಿನೆಂಟನೇ ಕುಣಿಕೇಲಿ ಇದ್ಲು, ಎದ್ದು ಬಂದ್ರೆ ಲೆಕ್ಕ ತಪ್ಪುತ್ತೆ.

ಪ್ರಶ್ನೆ: ಈಗ ಕಂಪ್ಯೂಟರೇ ಚಿತ್ರ ಬರೆಯುತ್ತದಂತೆ, ನಿಮ್ಮ ಜಾತಿಯ ನಾಯಿಗಳ ಫೋಟೊ ಕೂಡ.

ನಾಯಿ: ಅದು ದೊಡ್ಡ ತಲೆನೋವು. ಗಿರಾಕಿ ಫೋಟೊ ಕಳಿಸ್ತಾರೆ, "ಇದೇ ಥರ ಬೇಕು." ನೋಡಿದ್ರೆ ಕಣ್ಣಲ್ಲಿ ನೀರು ತುಂಬಿರೋ ನಾಯಿ, ಮೈಮೇಲೆ ಕುಣಿಕೆ ಎಲ್ಲಿ ಶುರುವಾಗಿ ಎಲ್ಲಿ ಮುಗೀತು ಅಂತ ಬ್ರಹ್ಮನಿಗೂ ಗೊತ್ತಾಗಲ್ಲ. ಒಂದು ಕಾಲಲ್ಲಿ ಎರಡು ಕಡ್ಡಿ ಹೆಣಿಗೆ, ಇನ್ನೊಂದು ಕಾಲಲ್ಲಿ ಚಾಪೆ. ಅಂಥ ನಾಯಿ ಲೋಕದಲ್ಲಿ ಯಾರೂ ಹೆಣೆದಿಲ್ಲ, ಹೆಣೆಯೋಕೂ ಆಗಲ್ಲ. ಅದರ "ಪ್ಯಾಟರ್ನ್" ಕೂಡ ದುಡ್ಡಿಗೆ ಮಾರ್ತಾರಂತೆ. ನಮ್ಮಕ್ಕ "ಹಂಗೆ ಬರಲ್ಲ ಮೇಡಂ" ಅಂದ್ರೆ "ನಿಮಗೆ ಬರಲ್ವಾ?" ಅಂತಾರೆ.

ಪ್ರಶ್ನೆ: ಮುನ್ನೂರೈವತ್ತು ಕಮ್ಮಿ ಅನ್ನುವುದಾದರೆ ಅಕ್ಕ ಯಾಕೆ ಒಪ್ಪಿದರು? ಯಾರೂ ಬಲವಂತ ಮಾಡಲಿಲ್ಲವಲ್ಲ.

ನಾಯಿ: ಎದುರು ಮನೆಯೋಳು ಮುನ್ನೂರಕ್ಕೆ ಮಾಡ್ತೀನಿ ಅಂದಿದ್ಲು. ಅವಳ ಮಗನ ಸ್ಕೂಲ್ ಫೀಸ್ ಕಟ್ಟೋ ವಾರ ಅದು. ಗೂಡಿನ ಮಾರುಕಟ್ಟೇಲಿ ರೀಲರುಗಳು ಒಬ್ಬರ ಮೇಲೊಬ್ಬರು ಬಿದ್ದು ರೇಟು ಏರಿಸ್ತಾರೆ, ಗಲ್ಲೀಲಿ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ಇಳಿಸ್ತಾರೆ. ಇದಕ್ಕೆ ಹರಾಜು ಅಂತಾರೋ ಏನಂತಾರೋ. ನಾನು ಹೇಳ್ತಾನೇ ಇದೀನಿ, ಗಲ್ಲಿಯೋರೆಲ್ಲ ಒಂದು ಸಂಜೆ ಕೂತು ಒಂದು ರೇಟು ಗೋಡೆ ಮೇಲೆ ಬರೀರಿ, ಅದಕ್ಕಿಂತ ಕೆಳಗೆ ಯಾರೂ ಕಡ್ಡಿ ಹಿಡೀಬೇಡಿ ಅಂತ. ಸಾಲದ ಸಂಘ ಮಾಡೋಕೆ ಬಂದವರು ಬಡ್ಡಿ ಲೆಕ್ಕ ಚೆನ್ನಾಗಿ ಕಲಿಸಿಹೋದ್ರು, ಕೂಲಿ ಲೆಕ್ಕ ಕಲಿಸೋಕೆ ಯಾರೂ ಬಂದಿಲ್ಲ.

ಪ್ರಶ್ನೆ: ಇಷ್ಟೆಲ್ಲ ಹೇಳಿದ್ದೀರಿ, ಅಕ್ಕನಿಗೆ ಈ ಕೆಲಸ ಬೇಸರವೇ?

ನಾಯಿ: ಯಾರು ಹೇಳಿದ್ದು? ಕಣ್ಣು ಕೂರಿಸುವಾಗ ಒಂದು ಸಲ ಈ ಕಡೆ ಇಟ್ಟು ನೋಡ್ತಾಳೆ, ಒಂದು ಸಲ ಆ ಕಡೆ. ಸರಿಯಾಗಿ ಕೂತ ತಕ್ಷಣ ಒಬ್ಬಳೇ ನಗ್ತಾಳೆ. ಖುಷಿ ಇದೆ. ಖುಷಿ ಇದೆ ಅಂತ ದುಡ್ಡು ಕಮ್ಮಿ ಕೊಡೋ ಪದ್ಧತಿ ನಿಮ್ಮ ಬೇರೆ ಯಾವ ಕಸುಬಲ್ಲಿದೆ? ಡಾಕ್ಟರು ನಗ್ತಾ ಇಂಜೆಕ್ಷನ್ ಕೊಟ್ರೆ ಫೀಸು ಮುರಿದುಕೊಳ್ತೀರಾ?

ಪ್ರಶ್ನೆ: ಕೊನೆಯದಾಗಿ ನಮ್ಮ ಓದುಗರಿಗೆ?

ನಾಯಿ: ಉಪದೇಶ ಬೇಡ, ಆರ್ಡರ್ ಕೊಡೋ ಕ್ರಮ ಹೇಳ್ತೀನಿ. ಉಲ್ಲನ್ ಗೊಂಬೆ ಆಗಲಿ, ಸೀರೆಗೆ ಕುಚ್ಚಾಗಲಿ, "ಎಷ್ಟು ರೂಪಾಯಿ" ಅನ್ನೋ ಮೊದಲು "ಎಷ್ಟು ಗಂಟೆ ಹಿಡಿಯುತ್ತೆ" ಅಂತ ಕೇಳಿ. ನಿಮ್ಮೂರಲ್ಲಿ ಒಬ್ಬರು ದಿನಗೂಲಿಗೆ ಬಂದ್ರೆ ಗಂಟೆಗೆ ಎಷ್ಟು ಬೀಳುತ್ತೋ ಅಷ್ಟರಿಂದ ಗುಣಿಸಿ, ದಾರದ ದುಡ್ಡು ಸೇರಿಸಿ. ಅರ್ಧ ಮುಂಗಡ ಕೊಡಿ, ದಾರ ತರೋಕೆ ಅದೇ ಬೇಕು. ಮನೇಲಿ ಮೂರು ವರ್ಷದೊಳಗಿನ ಮಗು ಇದ್ರೆ ಮೊದಲೇ ತಿಳಿಸಿ. ಪ್ಲಾಸ್ಟಿಕ್ ಕಣ್ಣು ಕಿತ್ತು ಬಂದ್ರೆ ಮಗು ನುಂಗುತ್ತೆ, ಅದಕ್ಕೆ ದಾರದಲ್ಲೇ ಕಣ್ಣು ಕಸೂತಿ ಹಾಕಿಕೊಡ್ತಾಳೆ. ಅದಕ್ಕೆ ಅರ್ಧ ಗಂಟೆ ಹೆಚ್ಚು. ಆ ಅರ್ಧ ಗಂಟೆಗೂ ದುಡ್ಡು ಕೊಡಿ.